'ಹಾಯ್, ಇದ್ದೀರಾ?' ಎಂದು ಕೇಳಿ ಕಾಯುತ್ತಾ ಕೂರಬೇಡಿ

ಪ್ರಶ್ನೆ: ಆರು ತಿಂಗಳಿಂದ ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ. ತಂಡದವರು ಮೂರು ದೇಶಗಳಲ್ಲಿದ್ದಾರೆ, ಒಬ್ಬರನ್ನೂ ಮುಖತಃ ನೋಡಿಲ್ಲ. ಚಾಟ್‌ನಲ್ಲಿ 'ಹಾಯ್, ಇದ್ದೀರಾ?' ಎಂದು ಕೇಳಿದರೆ ಎಷ್ಟೋ ಹೊತ್ತು ಉತ್ತರವೇ ಇರುವುದಿಲ್ಲ. ಮೊನ್ನೆ ಎರಡು ದಿನ ಕೂತು ತಯಾರಿಸಿದ ವರದಿ ಕಳಿಸಿದರೆ, ಹಿರಿಯ ಸಹೋದ್ಯೋಗಿಯಿಂದ ಬಂದದ್ದು 'ಸರಿ' ಎಂಬ ಒಂದೇ ಪದ. ಅವರಿಗೆ ನನ್ನ ಮೇಲೆ ಬೇಸರವಿದೆಯೇ? ನಾನು ಬರೆಯುವ ರೀತಿಯಲ್ಲೇ ತಪ್ಪಿದೆಯೇ?

ಉತ್ತರ: ಆ 'ಸರಿ'ಯನ್ನು ಸರಿ ಎಂದೇ ಓದಿಕೊಳ್ಳಿ. ಎದುರಿಗಿದ್ದು ಹೇಳಿದ್ದರೆ ಜೊತೆಗೊಂದು ಮುಗುಳ್ನಗೆ ಇರುತ್ತಿತ್ತು. ಪರದೆಯ ಮೇಲೆ ಅಕ್ಷರ ಮಾತ್ರ ಕಾಣುತ್ತದೆ, ಉಳಿದದ್ದನ್ನು ನಮ್ಮ ಅಳುಕೇ ಊಹಿಸಿಕೊಳ್ಳುತ್ತದೆ. ಈ ತೊಡಕು ಹಳೆಯದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಮೂಲಕ ನಡೆಯುತ್ತಿದ್ದ ಚರ್ಚೆಯಲ್ಲಿ ತಮಾಷೆಯ ಮಾತನ್ನು ಕೆಲವರು ನಿಜವೆಂದೇ ನಂಬಿದ್ದರಿಂದ, 1982ರಲ್ಲಿ ಅಲ್ಲಿನ ಕಂಪ್ಯೂಟರ್ ವಿಜ್ಞಾನಿ ಸ್ಕಾಟ್ ಫಾಲ್ಮನ್ ವಿರಾಮಚಿಹ್ನೆಗಳ ನಗುಮುಖವನ್ನು, ಅಂದರೆ :-) ಎಂಬುದನ್ನು, ಸೂಚಿಸಿದರು. ನಿಮಗೆ ಅಭಿಪ್ರಾಯ ಬೇಕಿದ್ದರೆ ಬಿಡಿಸಿ ಕೇಳಿ: 'ಮೂರನೇ ಭಾಗದ ಲೆಕ್ಕವನ್ನು ಒಮ್ಮೆ ನೋಡುತ್ತೀರಾ?'

ನಿಜವಾಗಿ ತಿದ್ದಿಕೊಳ್ಳಬೇಕಾದದ್ದು 'ಇದ್ದೀರಾ?' ಎನ್ನುವುದನ್ನು. ನೀವು ಸಂಜೆ ಅದನ್ನು ಕಳಿಸುತ್ತೀರಿ, ಅಲ್ಲಿ ನಡುರಾತ್ರಿ. ಅವರು ಎದ್ದು 'ಇದ್ದೇನೆ, ಹೇಳಿ' ಎನ್ನುವ ಹೊತ್ತಿಗೆ ನೀವು ಮಲಗಿರುತ್ತೀರಿ. ಒಂದು ದಿನ ಹೋಯಿತು, ಪ್ರಶ್ನೆ ಇನ್ನೂ ನಿಮ್ಮ ಮನಸ್ಸಿನಲ್ಲೇ ಇದೆ. ನಮಸ್ಕಾರ ಮತ್ತು ವಿಷಯ ಒಟ್ಟಿಗೇ ಹೋಗಲಿ:

'ನಮಸ್ಕಾರ. ಗ್ರಾಹಕರ ಪಟ್ಟಿಯ ಫೈಲ್ ತೆರೆದರೆ ಅನುಮತಿ ಇಲ್ಲ ಎಂದು ಬರುತ್ತಿದೆ. ಬೇರೆ ಬ್ರೌಸರ್‌ನಲ್ಲೂ ನೋಡಿದೆ, ಹಾಗೇ ಇದೆ. ಸ್ಕ್ರೀನ್‌ಶಾಟ್ ಹಾಕಿದ್ದೇನೆ. ಗುರುವಾರದೊಳಗೆ ಸಿಕ್ಕರೆ ಸಾಕು, ರಾತ್ರಿ ಎದ್ದು ನೋಡಬೇಡಿ.'

ನನಗೆ ಇದರಲ್ಲಿ ಬಹಳ ಇಷ್ಟವಾಗುವುದು ಕೊನೆಯ ವಾಕ್ಯ. ಅವಸರ ಎಷ್ಟಿದೆ ಎಂದು ತಿಳಿಸಿಬಿಟ್ಟರೆ ಆ ಕಡೆಯವರು ನೆಮ್ಮದಿಯಿಂದ ಊಟ ಮುಗಿಸುತ್ತಾರೆ.

ಸಮಯದ ವಿಷಯದಲ್ಲೂ ಇದೇ ಕಾಳಜಿ ಬೇಕು. 'ನಾಳೆ 5ಕ್ಕೆ' ಎಂದರೆ ಯಾರ ನಾಳೆ, ಯಾರ 5? ಎಲ್ಲ ದೇಶಗಳಿಗೂ ಒಂದೇ ಆದ ಜಾಗತಿಕ ಸಮಯ ಯುಟಿಸಿಯಲ್ಲಿ, '14:30 ಯುಟಿಸಿ' ಎಂದು ಬರೆಯಿರಿ. 03/04 ಎಂಬುದು ಕೆಲವರಿಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4, ಹಾಗಾಗಿ ತಿಂಗಳ ಹೆಸರನ್ನೇ ಹಾಕಿ. ಅಮೆರಿಕದ ಬಹುಭಾಗ ಮಾರ್ಚ್‌ನ ಎರಡನೇ ಭಾನುವಾರ ಬೇಸಿಗೆ ಸಮಯಕ್ಕೆಂದು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ, ಯುರೋಪಿನ ಹೆಚ್ಚಿನ ದೇಶಗಳು ಅದೇ ತಿಂಗಳ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರಗಳಲ್ಲಿ ಪ್ರತಿವಾರದ ಮೀಟಿಂಗ್ ಯಾರಿಗಾದರೂ ಒಂದು ಗಂಟೆ ತಪ್ಪುವುದು ಗ್ಯಾರಂಟಿ.

ಸ್ವಯಂಸೇವಕರ ಸಮುದಾಯಗಳಲ್ಲಿ ಇನ್ನಷ್ಟು ಎಚ್ಚರ ಬೇಕು, ಅಲ್ಲಿ ಉತ್ತರಿಸುವವರು ತಮ್ಮ ಬಿಡುವಿನ ಹೊತ್ತನ್ನು ಕೊಡುತ್ತಿರುತ್ತಾರೆ. ಮೊದಲು ಹಳೆಯ ಚರ್ಚೆಗಳನ್ನು ಹುಡುಕಿ. ಸಮಸ್ಯೆ ಬಗೆಹರಿದರೆ 'ಸರಿಹೋಯ್ತು' ಎಂದಷ್ಟೇ ಬರೆದು ಮಾಯವಾಗಬೇಡಿ. ಏನು ಮಾಡಿದಿರಿ ಎಂದೂ ಬರೆಯಿರಿ. ಅದೇ ತೊಂದರೆಯಲ್ಲಿ ಸಿಕ್ಕಿಕೊಂಡು ಮುಂದೆ ಬರುವವರಿಗೆ ಆ ಒಂದು ಸಾಲು ಬೇಕು.

ಸಿಟ್ಟು ಬಂದಾಗ? 1995ರ ಅಂತರ್ಜಾಲ ಶಿಷ್ಟಾಚಾರದ ಕೈಪಿಡಿ ಆರ್‌ಎಫ್‌ಸಿ 1855, ಭಾವಾವೇಶದ ಉತ್ತರ ಕಳಿಸುವ ಮುನ್ನ ಒಂದು ರಾತ್ರಿ ಕಾಯಿರಿ ಎನ್ನುತ್ತದೆ. ನಾನೂ ಅದನ್ನೇ ಹೇಳುತ್ತೇನೆ. ಮೂರು ಸಲ ಬರೆದರೂ ಮಾತು ಕೂಡಿಬರದಿದ್ದರೆ ಹತ್ತು ನಿಮಿಷ ಕರೆ ಮಾಡಿ ಮಾತಾಡಿ. ಆಮೇಲೆ ಏನು ತೀರ್ಮಾನವಾಯಿತು ಎಂದು ಗುಂಪಿನಲ್ಲಿ ಎರಡು ಸಾಲು ಹಾಕಿ. ಆ ಹೊತ್ತಿನಲ್ಲಿ ನಿದ್ದೆಯಲ್ಲಿದ್ದವರೂ ತಂಡದವರೇ.