ವರ್ಷ ತಡವಾದರೆ ತೊಂದರೆಯಿಲ್ಲ, ಆದರೆ ಸೀಟಿನ ವಿಷಯ ಬೇರೆ

ತಂಗಿ, ಯಾದಗಿರಿಯಲ್ಲಿ ಅವ್ವನಿಗೆ ಸೊಂಟದ ಆಪರೇಷನ್ ಆಗಿದೆ, ಕಲಬುರಗಿಯಲ್ಲಿ ಬಿಎಸ್ಸಿ ನರ್ಸಿಂಗ್ ಸೀಟು ಸಿಕ್ಕಿದೆ, ಈಗಲೇ ಸೇರಲೋ ಮುಂದಿನ ವರ್ಷಕ್ಕೆ ಬಿಡಲೋ ಎಂದು ಕೇಳಿದ್ದೀರಿ.

ವಯಸ್ಸಿನ ಚಿಂತೆ ಬಿಡಿ. ನಾನೂ ಅಪ್ಪನ ಕಾಯಿಲೆಯಿಂದ ಒಂದು ವರ್ಷ ತಡವಾಗಿ ಸೇರಿದವಳು. ವಾರ್ಡಿನಲ್ಲಿ ಅದನ್ನು ಯಾರೂ ಕೇಳಲಿಲ್ಲ.

ಆದರೆ ಸಿಇಟಿಯಲ್ಲಿ ಬಂದ ಸೀಟನ್ನು ಮುಂದಿನ ವರ್ಷಕ್ಕೆ ಎತ್ತಿಡಲು ಬರುವುದಿಲ್ಲ. ಮತ್ತೆ ಪರೀಕ್ಷೆ, ಮತ್ತೆ ಕೌನ್ಸೆಲಿಂಗ್. ನಮ್ಮ ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿ ಆಗಲೂ ಇರುತ್ತದೆ. ಇದೇ ಕಾಲೇಜು ಸಿಗುತ್ತದೆ ಅಂತ ಮಾತ್ರ ನಂಬಿ ಕೂರಬೇಡಿ.

ಸೇರಿ, ಆಗಾಗ ರೈಲು ಹತ್ತಿ ಮನೆಗೆ ಬಂದರಾಯ್ತು ಅಂದುಕೊಂಡಿದ್ದೀರಾ? ಅದು ಕಷ್ಟ. ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ ಶೇ. 80 ಹಾಜರಾತಿ ಬೇಕು. ಆಸ್ಪತ್ರೆಯ ಪೋಸ್ಟಿಂಗ್ ಅಂತೂ ಡಿಗ್ರಿ ಕೈಗೆ ಬರುವ ಮುಂಚೆ ಶೇ. 100 ಮುಗಿದಿರಬೇಕು. ತಪ್ಪಿದ ದಿನಗಳನ್ನು ಆಮೇಲೆ ಮಾಡಲೇಬೇಕು.

ಹಾಗಾಗಿ ಡಾಕ್ಟರನ್ನು ಒಂದೇ ಪ್ರಶ್ನೆ ಕೇಳಿ: ಅವ್ವ ಯಾರ ಆಸರೆಯೂ ಇಲ್ಲದೆ ಬಚ್ಚಲಿಗೆ ಹೋಗುವುದು ಯಾವಾಗ? ಎರಡು ಮೂರು ತಿಂಗಳು ಅಂದರೆ ಸೇರಿಬಿಡಿ, ಅಷ್ಟು ದಿನಕ್ಕೆ ಚಿಕ್ಕಮ್ಮನನ್ನೋ ಅತ್ತೆಯನ್ನೋ ಕರೆಸಿ. ವರ್ಷವೇ ಬೇಕು, ಮನೆಯಲ್ಲಿ ಬೇರೆ ಯಾರೂ ಇಲ್ಲ ಅಂದರೆ ನಿಲ್ಲಿ. ನಿಂತರೆ ಬಯಾಲಜಿ ಪುಸ್ತಕ ಮುಚ್ಚಬೇಡಿ. ಮುಂದಿನ ವರ್ಷ ಹೋಗೇ ಹೋಗುತ್ತೇನೆ ಅಂತ ಅಪ್ಪನಿಗೆ ಇವತ್ತೇ ಹೇಳಿ. ಸುಮ್ನೆ ಮನೆಯಲ್ಲಿ ಉಳಿದ ಹುಡುಗಿಯರಿಗೆ ಮದುವೆ ಮಾತು ಶುರುವಾಗಿದ್ದನ್ನು ತುಂಬಾ ನೋಡಿದ್ದೇನೆ.

ಶುಲ್ಕ ಕಟ್ಟಿ, ಮೂಲ ದಾಖಲೆಗಳನ್ನು ಕಾಲೇಜಿಗೆ ಕೊಡುವ ಮೊದಲೇ ತೀರ್ಮಾನ ಮಾಡಿ. ಡಾಕ್ಟರ್ ಏನಂದರು ಅಂತ ಬರೆಯಿರಿ, ಕಾಯುತ್ತಿರುತ್ತೇನೆ.