ಹಿಂದೆ ಏನೂ ಇಲ್ಲ, ಆದರೂ ಕೂಗುತ್ತೆ!

ಪ್ರಶ್ನೆ: ಎರಡು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. 2020ರ ಮಾಡೆಲ್, ಸಣ್ಣ ಕಾರು. ರಿವರ್ಸ್ ಗೇರ್ ಹಾಕಿದ ಕೂಡಲೇ ಪಾರ್ಕಿಂಗ್ ಸೆನ್ಸರ್ ಒಂದೇ ಸಮನೆ ಕುಯ್ ಎಂದು ಕೂಗುತ್ತೆ, ಹಿಂದೆ ಖಾಲಿ ಅಂಗಳ ಬಿಟ್ಟು ಏನೂ ಇಲ್ಲ. ಬೆಳಗ್ಗೆ ಜಾಸ್ತಿ, ಬಿಸಿಲು ಏರಿದರೆ ಕಡಿಮೆ. ಗ್ಯಾರೇಜಿನವರು ಎಲ್ಲಾ ಸೆನ್ಸರ್ ಬದಲಾಯಿಸಿ ಅಂತಾರೆ. ಬದಲಾಯಿಸಲೇ? – ಓದುಗರು, ತೀರ್ಥಹಳ್ಳಿ

ಉತ್ತರ: ಬೇಡ, ತಡೀರಿ. ಎಲ್ಲವೂ ಒಟ್ಟಿಗೆ ಕೆಡುವುದು ಅಪರೂಪ. ಕೆಟ್ಟಿರುವುದು ಒಂದೇ ಇರಬಹುದು, ಅಥವಾ ಒಂದೂ ಕೆಟ್ಟಿಲ್ಲದೇ ಇರಬಹುದು.

ಬಂಪರಿನಲ್ಲಿ ಕಾಣುವ ಆ ಗುಂಡಗಿನ ಬಿಲ್ಲೆಗಳು ಮಾಡುವ ಕೆಲಸ ಇಷ್ಟೇ. ನಮ್ಮ ಕಿವಿಗೆ ಕೇಳದ ಸದ್ದು ಬಿಡುತ್ತವೆ, ಅದು ಗೋಡೆಗೋ ಕಂಬಕ್ಕೋ ಬಡಿದು ವಾಪಸ್ ಬರುವ ಹೊತ್ತನ್ನು ಅಳೆಯುತ್ತವೆ. ಬಾವಿಗೆ ಬಗ್ಗಿ ಕೂಗಿದ ಹಾಗೆ. ಒಂದು ಮೀಟರ್ ದೂರದ ಗೋಡೆಯಿಂದ ಸದ್ದು ತಿರುಗಿ ಬರಲು ಸುಮಾರು 6 ಮಿಲಿಸೆಕೆಂಡ್ ಸಾಕು. ಬಿಲ್ಲೆಯ ಮುಖಕ್ಕೇ ಏನಾದರೂ ಅಂಟಿಕೊಂಡಿದ್ದರೆ ಅದನ್ನೇ ಗೋಡೆ ಅಂದುಕೊಂಡು ಕೂಗುತ್ತೆ, ಪಾಪ ಅದರ ತಪ್ಪಲ್ಲ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ‘ಬೆಳಗ್ಗೆ ಜಾಸ್ತಿ’ ಅನ್ನೋ ಮಾತು. ಇದು ನೀರಿನ ಕಾಟ. ನಾಳೆ ಬೆಳಗ್ಗೆ ಕಾರು ತೆಗೆಯುವ ಮೊದಲು ಒಣ ಬಟ್ಟೆಯಲ್ಲಿ ಪ್ರತಿ ಸೆನ್ಸರ್ ಒರೆಸಿ, ಸುತ್ತಲಿನ ಸಂದಿಯಲ್ಲಿ ಕೂತ ಮಣ್ಣನ್ನು ಹಳೇ ಟೂತ್‌ಬ್ರಷ್‌ನಿಂದ ಮೆಲ್ಲಗೆ ತೆಗೆಯಿರಿ. ಆಮೇಲೆ ರಿವರ್ಸ್ ಹಾಕಿ. ಸದ್ದು ನಿಂತರೆ ಬರೀ ಇಬ್ಬನಿ, ಖರ್ಚು ಸೊನ್ನೆ. ಒರೆಸಿದ ಮೇಲೂ ಕೂಗಿದರೆ ತೇವ ಒಳಗೆ ಸೇರಿದೆ ಅನ್ನೋ ಗುಮಾನಿ. ಸೆನ್ಸರ್ ಹಿಂದಿನ ಸಾಕೆಟ್ ಬಿಚ್ಚಿ ನೋಡಿಸಿ, ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಒಣಗಿಸಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತೆ. ವಾಟರ್ ಸರ್ವಿಸ್‌ನವರು ಜೆಟ್ ಪೈಪನ್ನು ಸೆನ್ಸರಿಗೆ ಒತ್ತಿ ಹಿಡಿಯದಂತೆ ಮಾತ್ರ ನೋಡಿಕೊಳ್ಳಿ.

ಇನ್ನು ಕಿವಿಯ ಪರೀಕ್ಷೆ. ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಆಫ್ ಇರುವಾಗಲೇ ಬರೀ ಕೀ ಆನ್ ಮಾಡಿ ರಿವರ್ಸ್ ಹಾಕಿ. ಮನೆಯವರೊಬ್ಬರು ಒಳಗೆ ಕೂತು ಬ್ರೇಕ್ ಒತ್ತಿಕೊಂಡಿರಲಿ. ನೀವು ಹಿಂದೆ ಹೋಗಿ ಒಂದೊಂದು ಸೆನ್ಸರಿಗೂ ಕಿವಿ ಹತ್ತಿರ ಇಡಿ. ಕೆಲಸ ಮಾಡುವ ಸೆನ್ಸರ್ ತೀರಾ ಸಣ್ಣಗೆ ಟಿಕ್ ಟಿಕ್ ಅನ್ನುತ್ತೆ. ಬೀಪ್ ಸದ್ದಿಗೆ ಕೇಳಿಸದಿದ್ದರೆ ಬೆರಳ ತುದಿ ಮುಟ್ಟಿಸಿ, ಅದುರುವುದು ಗೊತ್ತಾಗುತ್ತೆ. ಒಂದು ಮಾತ್ರ ಸುಮ್ಮನಿದ್ದರೆ ಅಲ್ಲೇ ತೊಂದರೆ. ಆದರೆ ಕೆಟ್ಟಿದ್ದು ಸೆನ್ಸರೋ, ಅದಕ್ಕೆ ಬರುವ ವೈರೋ? ಅದಕ್ಕೆ ಅದಲು ಬದಲು ಮಾಡಿಸಿ. ಮೂಲೆಯದನ್ನು ಮತ್ತೊಂದು ಮೂಲೆಗೆ, ನಡುವಿನದನ್ನು ನಡುವಿನದಕ್ಕೆ. ಹೊಸ ಜಾಗದಲ್ಲೂ ಅದು ಮೂಕವಾಗಿದ್ದರೆ ಆ ಒಂದನ್ನು ಕೊಳ್ಳಿ. ಹಳೇ ಜಾಗಕ್ಕೆ ಬಂದ ಒಳ್ಳೇ ಸೆನ್ಸರ್ ಕೂಡ ಬಾಯಿ ಮುಚ್ಚಿದರೆ ವೈರಿಂಗ್ ನೋಡಿಸಿ, ಹೊಸ ಸೆನ್ಸರ್ ಹಾಕಿ ಏನೂ ಉಪಯೋಗವಿಲ್ಲ. ‘ಅದಲು ಬದಲು ಮಾಡಿ ನೋಡಿದ್ರಾ?’ ಅಂತ ನಿಮ್ಮ ಗ್ಯಾರೇಜಿನವರನ್ನೂ ಒಮ್ಮೆ ಕೇಳಿ ನೋಡಿ, ಉತ್ತರ ಹೇಗೆ ಬರುತ್ತೆ ಅನ್ನೋದರಲ್ಲೇ ಅರ್ಧ ಗೊತ್ತಾಗುತ್ತೆ.

ಎಲ್ಲವೂ ಟಿಕ್ ಟಿಕ್ ಅಂದರೆ? ಆಗ ನನ್ನ ಅನುಮಾನ ಹೋಗೋದು ಬಂಪರಿನ ಮೇಲೆ, ಸೆಕೆಂಡ್ ಹ್ಯಾಂಡ್ ಕಾರು ಅಲ್ವಾ. ಹಿಂದಿನಿಂದ ಯಾರೋ ಗುದ್ದಿ, ಬಂಪರ್ ಬಿಚ್ಚಿ ಪೇಂಟ್ ಮಾಡಿಸಿರಬಹುದು. ಸೆನ್ಸರ್ ಮುಖಕ್ಕೆ ಕಂಪನಿಯವರು ಹೊಡೆಯುವ ಬಣ್ಣ ತೆಳು. ಪೇಂಟರ್ ಸೆನ್ಸರನ್ನು ತೆಗೆಯದೇ ಬಂಪರಿನ ಜೊತೆಗೇ ಎರಡು ಮೂರು ಕೋಟ್ ಹೊಡೆದರೆ ಅದು ಸರಿಯಾಗಿ ಅದುರಲಾರದು. ಸೆನ್ಸರಿಗೂ ಬಂಪರಿಗೂ ನಡುವೆ ಸಣ್ಣ ಗೆರೆಯಂಥ ಸಂದಿ ಇರಬೇಕು. ಬಣ್ಣ ಆ ಸಂದಿಯನ್ನೇ ಮುಚ್ಚಿದ್ದರೆ ನಿಮಗೆ ಉತ್ತರ ಸಿಕ್ಕಿತು. ಕ್ಲಿಪ್ ಮುರಿದು ಸೆನ್ಸರ್ ಕೆಳಕ್ಕೆ ವಾಲಿದ್ದರೂ ಹೀಗೇ, ಅದು ನೆಲವನ್ನೇ ನೋಡಿ ಕೂಗುತ್ತೆ. ಡಿಕ್ಕಿಯಲ್ಲಿ ಅಕ್ಕಿ ಮೂಟೆ ಹೇರಿದಾಗ ಕಾಟ ಜಾಸ್ತಿಯಾದರೆ ಇದೇ ಇರಬೇಕು. ಪೇಂಟ್ ಆಗಿರುವುದು ಕಂಡರೆ ಕಾರಿನ ನಂಬರ್ ಹಿಡಿದು ಕಂಪನಿ ಸರ್ವಿಸ್ ಸೆಂಟರಿನಲ್ಲಿ ಹಳೇ ಸರ್ವಿಸ್ ದಾಖಲೆ ಕೇಳಿ. ಸೆನ್ಸರಿಗಿಂತ ದೊಡ್ಡ ವಿಷಯ ಅಲ್ಲಿ ಸಿಗಬಹುದು, ಡಿಕ್ಕಿಯ ಕೆಳಗಿನ ತಗಡು ನೆಟ್ಟಗಿದೆಯಾ ಅನ್ನೋದನ್ನೂ ನೋಡಿಬಿಡಿ.

ನನ್ನದೇ ಕಥೆ ಹೇಳಿಬಿಡ್ತೀನಿ. ಹಳೇ ಕಾರಿಗೆ ಒಂದು ಸೆನ್ಸರ್ ಹಾಕಿಸಿ ದುಡ್ಡು ಕೊಟ್ಟು ಬಂದೆ, ಮರುದಿನ ಮತ್ತೆ ಅದೇ ಕೂಗು. ಕೊನೆಗೆ ನೋಡಿದರೆ ನಂಬರ್ ಪ್ಲೇಟಿನ ಒಂದು ಸ್ಕ್ರೂ ಬಿದ್ದು ಪ್ಲೇಟು ಹೊರಕ್ಕೆ ಬಾಗಿ ಸೆನ್ಸರಿಗೆ ಅಡ್ಡ ಬಂದಿತ್ತು. ನಿಮ್ಮದನ್ನೂ ಒಮ್ಮೆ ಅಲ್ಲಾಡಿಸಿ ನೋಡಿ.

ಪ್ರಶ್ನೆ: ನನ್ನದು 2015ರ ಕಾರು, ಸೆನ್ಸರ್ ಹಿಂದಿನ ಮಾಲೀಕರು ಹೊರಗೆ ಹಾಕಿಸಿದ್ದು. ಈಗ ಸದ್ದೇ ಇಲ್ಲ. – ಓದುಗರು, ಹಾಸನ

ಉತ್ತರ: ಹೊಸ ಕಾರುಗಳಿಗೆ ಹಿಂದಿನ ಸೆನ್ಸರ್ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಅದಕ್ಕೂ ಹಳೆಯ ಎಷ್ಟೋ ಕಾರುಗಳಲ್ಲಿ ಇರುವುದು ಆಕ್ಸೆಸರೀಸ್ ಅಂಗಡಿಯ ಕಿಟ್. ಅದಕ್ಕೆ ಕರೆಂಟು ಸಾಮಾನ್ಯವಾಗಿ ರಿವರ್ಸ್ ಲೈಟಿನ ವೈರಿನಿಂದಲೇ. ಮೊದಲು ರಿವರ್ಸ್ ಲೈಟ್ ಉರಿಯುತ್ತಾ ನೋಡಿ. ಎರಡೂ ಲೈಟ್ ಉರಿಯದಿದ್ದರೆ ಫ್ಯೂಸೋ, ಗೇರ್‌ಬಾಕ್ಸಿನ ರಿವರ್ಸ್ ಸ್ವಿಚ್ಚೋ ಹೋಗಿರಬಹುದು, ಸೆನ್ಸರಿಗೆ ಏನೂ ಆಗಿಲ್ಲ. ಉರಿಯುತ್ತಿದ್ದರೆ ಡಿಕ್ಕಿಯ ಪಕ್ಕದ ಪ್ಯಾನೆಲ್ ಬಿಚ್ಚಿಸಿ. ಒಳಗೊಂದು ಪುಟ್ಟ ಡಬ್ಬಿ ಇರುತ್ತೆ, ಅದಕ್ಕೆ ಬರುವ ವೈರನ್ನು ಬರೀ ತಿರುಚಿ ಟೇಪ್ ಸುತ್ತಿರುತ್ತಾರೆ. ಆ ಟೇಪ್ ಬಿಟ್ಟಿರುತ್ತೆ, ಇಲ್ಲವೇ ಇಲಿ ಕಡಿದಿರುತ್ತೆ. ಬೆಸುಗೆ ಹಾಕಿಸಿ. ಡಬ್ಬಿಗೆ 12 ವೋಲ್ಟ್ ಬಂದರೂ ಸದ್ದಿಲ್ಲ ಅಂದರೆ ಬಜರ್ ನೋಡಿಸಿ, ಅದೂ ಸರಿಯಿದ್ದರೆ ಹೊಸ ಕಿಟ್ ಹಾಕಿಸಿ. ಹಳೇ ಡಬ್ಬಿ ರಿಪೇರಿಗೆ ಓಡಾಡಬೇಡಿ.

ಪ್ರಶ್ನೆ: ಸೆನ್ಸರ್ ಸರಿಯಿದೆ ಅಂತಾರೆ, ಆದರೂ ತೋಟದ ತಂತಿ ಬೇಲಿಗೆ ಕಾರು ಉಜ್ಜಿತು. ಇದು ಯಾರ ತಪ್ಪು? – ಓದುಗರು, ಪುತ್ತೂರು

ಉತ್ತರ: ಬೇಲಿಯದ್ದಲ್ಲ! ತೆಳು ತಂತಿಯಿಂದ ವಾಪಸ್ ಬರುವ ಸದ್ದು ತೀರಾ ಕಡಿಮೆ, ಸೆನ್ಸರಿಗೆ ಅದು ಇದ್ದೂ ಇಲ್ಲದ ಹಾಗೆ. ಬಂಪರಿಗಿಂತ ತಗ್ಗಿನಲ್ಲಿರುವ ಕಲ್ಲು, ಚರಂಡಿ ಇವೂ ಅದಕ್ಕೆ ಕಾಣಿಸಲ್ಲ. ತೋಟದಲ್ಲಿ ರಿವರ್ಸ್ ತೆಗೆಯುವಾಗ ಯಾರನ್ನಾದರೂ ಇಳಿಸಿ ನಿಲ್ಲಿಸಿಕೊಳ್ಳಿ. ಆದರೆ ಅವರು ಕಾರಿನ ನೇರ ಹಿಂದೆ ನಿಲ್ಲುವುದು ಬೇಡ, ನಿಮ್ಮ ಬಲಗಡೆಯ ಕನ್ನಡಿಯಲ್ಲಿ ಕಾಣುವ ಹಾಗೆ ಪಕ್ಕಕ್ಕೆ ನಿಲ್ಲಲಿ.