ಮರೆವಿಗೆ ಮಂಡಿನೋವಿನ ಮಾತ್ರೆ ಕೊಡಬೇಡಿ

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 72 ವರ್ಷ, ಅಲ್ಜೈಮರ್ ಇದೆ. ಮಿದುಳಿನ ಉರಿಯೂತದಿಂದ ಈ ಕಾಯಿಲೆ ಬರುತ್ತದೆಂದು ಓದಿದೆ. ಮಂಡಿನೋವಿಗೆ ತಂದಿಟ್ಟಿರುವ, ಉರಿಯೂತ ತಗ್ಗಿಸುವ ಮಾತ್ರೆಯನ್ನೇ ದಿನಾ ಕೊಡಬಹುದೇ?

ಕೊಡಬೇಡಿ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ನಿಲ್ಲುತ್ತಿಲ್ಲ. ಕೆಲವರು ಕೇಳುವ ಮೊದಲೇ ಶುರುಮಾಡಿ, ಹೊಟ್ಟೆಯೊಳಗೆ ರಕ್ತ ಸೋರಿ ಮಲ ಕಪ್ಪಾದ ಮೇಲೆ ಆಸ್ಪತ್ರೆಗೆ ಕರೆತರುತ್ತಾರೆ.

ಕೀಲುವಾತಕ್ಕೆ ವರ್ಷಗಟ್ಟಲೆ ಇಂಥ ಮಾತ್ರೆ ನುಂಗಿದವರಲ್ಲಿ ಅಲ್ಜೈಮರ್ ಕಡಿಮೆ ಎಂದು 1990ರ ದಶಕದಲ್ಲೇ ಗಮನಿಸಿದ್ದರು. ಆಸೆಯಿಂದಲೇ ಪ್ರಯೋಗಗಳೂ ನಡೆದವು. ನ್ಯಾಪ್ರಾಕ್ಸೆನ್, ರೋಫೆಕಾಕ್ಸಿಬ್ ಎಂಬ ನೋವಿನ ಮಾತ್ರೆಗಳಾಗಲಿ, ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್ ಆಗಲಿ, ಯಾವುದೂ ಅಲ್ಜೈಮರ್ ರೋಗಿಗಳ ಮರೆವನ್ನು ನಿಧಾನಗೊಳಿಸಲಿಲ್ಲ. ಪ್ರೆಡ್ನಿಸೋನ್ ಪಡೆದವರ ವರ್ತನೆಯಂತೂ ಇನ್ನಷ್ಟು ಹದಗೆಟ್ಟಿತು. ಮಿದುಳನ್ನು ಕಾಯುವ, ಅಲ್ಲಿ ಉರಿಯೂತವನ್ನೂ ಎಬ್ಬಿಸುವ ಮೈಕ್ರೋಗ್ಲಿಯಾ ಕೋಶಗಳು ಬರೀ ಹಾನಿ ಮಾಡುವಂಥವಲ್ಲ. ಅಲ್ಜೈಮರ್‌ನಲ್ಲಿ ಮಿದುಳೊಳಗೆ ಕಟ್ಟಿಕೊಳ್ಳುವ ಅಮೈಲಾಯ್ಡ್ ಪ್ರೋಟೀನಿನ ಗಡ್ಡೆಗಳನ್ನು ಸುತ್ತುವರಿದು ಅಕ್ಕಪಕ್ಕದ ನರಕೋಶಗಳನ್ನು ಉಳಿಸುವುದೂ ಅವೇ. ಟ್ರೆಮ್2 ಜೀನಿನ ಒಂದು ದೋಷ ಇದ್ದವರಿಗೆ ಅಲ್ಜೈಮರ್ ಸಂಭವ ಹೆಚ್ಚೆಂದು 2013ರಲ್ಲಿ ಗೊತ್ತಾಯಿತು. ಈ ಕೋಶಗಳು ಸರಿಯಾಗಿ ಕೆಲಸಮಾಡಲು ಬೇಕಾದ ಜೀನ್ ಅದು. ಇವೇ ಕೋಶಗಳು ನರಕೋಶಗಳ ನಡುವಿನ ಕೊಂಡಿಗಳನ್ನು ನುಂಗಿಹಾಕುವುದೂ ಇಲಿಗಳಲ್ಲಿ ಕಂಡಿದೆ. ಯಾವುದನ್ನು ಯಾವಾಗ ತಡೆಯಬೇಕೆಂಬ ವಿವೇಚನೆ ನೋವಿನ ಮಾತ್ರೆಗಿಲ್ಲ.

ರಕ್ತನಾಳ ಕೆಟ್ಟು ಬರುವ ಡಿಮೆನ್ಷಿಯಾದ (ಮರೆವಿನ ಕಾಯಿಲೆಯ) ದಾರಿಯೇ ಬೇರೆ. ಅಲ್ಲಿ ಸಣ್ಣ ನಾಳಗಳು ಹಾಳಾದಂತೆ ಉರಿಯೂತವೂ ಸೇರಿಕೊಳ್ಳುತ್ತದೆ. ಬಿಪಿ, ಶುಗರ್ ಹಿಡಿತದಲ್ಲಿಡುವುದೇ ಮುಖ್ಯ.

ನೀವು ಕೇಳದಿದ್ದರೂ ಇದೊಂದನ್ನು ಹೇಳಲೇಬೇಕು. ಸೋಂಕಿನ ವಿರುದ್ಧ ಹೋರಾಡಬೇಕಾದ ನಮ್ಮದೇ ದೇಹದ ಪ್ರತಿಕಾಯಗಳು ಮಿದುಳಿನ ಮೇಲೆ ಎರಗುವ ಆಟೋಇಮ್ಯೂನ್ ಎನ್‌ಸೆಫಲೈಟಿಸ್ ನೋಡಲು ಡಿಮೆನ್ಷಿಯಾದಂತೆಯೇ ಇರಬಹುದು. ಆದರೆ ಮರೆವು ವರ್ಷಗಳಲ್ಲಲ್ಲ, ವಾರಗಳಲ್ಲಿ ಏರುತ್ತದೆ. ಎಲ್‌ಜಿಐ1 ಎಂಬ ಬಗೆಯಲ್ಲಿ ಮುಖ ಮತ್ತು ತೋಳು ಒಂದೇ ಪಕ್ಕ ಕ್ಷಣಕಾಲ ಸೆಟೆಯಬಹುದು, ಅದೂ ದಿನಕ್ಕೆ ಹತ್ತಾರು ಸಲ; ರಕ್ತದಲ್ಲಿ ಸೋಡಿಯಂ ಇಳಿದಿರಬಹುದು. ಇಲ್ಲಿ ಸ್ಟೀರಾಯ್ಡ್, ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳು) ನಿಜಕ್ಕೂ ಕೆಲಸಮಾಡುತ್ತವೆ, ಬೇಗ ಕೊಟ್ಟರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಪ್ರತಿಕಾಯಗಳ ಪರೀಕ್ಷೆ ಇದೆ. ‘ವಯಸ್ಸಾಯ್ತು, ಅರಳುಮರಳು’ ಎಂದು ಸುಮ್ಮನಿದ್ದು, ಯಾರೋ ಕೊಟ್ಟ ಪುಡಿ ತಿನ್ನಿಸಿ ತಿಂಗಳುಗಳನ್ನು ಕಳೆದು ಬರುವವರನ್ನು ಕಂಡರೆ ನನಗೆ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ. ಗುಣವಾಗಬಹುದಾಗಿದ್ದ ಕಾಯಿಲೆ ಅದು.

ಪ್ರಶ್ನೆ: ಅರಿಶಿನದ ಕ್ಯಾಪ್ಸೂಲ್?

ಅರಿಶಿನ ಸಾರಿಗೆ ಹಾಕಿ. ಕ್ಯಾಪ್ಸೂಲ್ ನುಂಗಿ ಲಿವರ್ ಕೆಡಿಸಿಕೊಂಡವರಿದ್ದಾರೆ.

ಪ್ರಶ್ನೆ: ನನಗೆ ರಕ್ತದಲ್ಲಿ ಸಿಆರ್‌ಪಿ (ಉರಿಯೂತ ತೋರಿಸುವ ಪ್ರೋಟೀನ್) ಜಾಸ್ತಿ ಬಂದಿದೆ. ಮುಂದೆ ಮರೆವು ಬರುತ್ತದೆಯೇ?

ಹಲ್ಲಿನ ಸೋಂಕಿಗೂ ಅದು ಏರುತ್ತದೆ. ಅದರಿಂದ ಮರೆವಿನ ಭವಿಷ್ಯ ಹೇಳಲಾಗದು.

ಪ್ರಶ್ನೆ: ಸ್ಟೆಮ್ ಸೆಲ್ ಇಂಜೆಕ್ಷನ್ ಮಿದುಳಿನ ಉರಿಯೂತ ಇಳಿಸುತ್ತದೆಂದು ಲಕ್ಷಗಟ್ಟಲೆ ಕೇಳುತ್ತಿದ್ದಾರೆ.

ಸುಲಿಗೆ. ಒಂದು ರೂಪಾಯಿಯನ್ನೂ ಕೊಡಬೇಡಿ.

ಪ್ರಶ್ನೆ: ಅಮ್ಮನಿಗೆ ಮೊದಲೇ ಮರೆವು. ಎರಡು ದಿನದಿಂದ ನಮ್ಮನ್ನೇ ಗುರುತಿಸುತ್ತಿಲ್ಲ. ಮಾತ್ರೆಯ ಡೋಸ್ ಹೆಚ್ಚಿಸಲೇ?

ಡೋಸ್ ಮುಟ್ಟಬೇಡಿ. ಮೂತ್ರದ ಸೋಂಕೋ ನ್ಯುಮೋನಿಯಾವೋ ಇದ್ದರೂ ಹೀಗಾಗುತ್ತದೆ. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.